ಸಂಪಾದಕರ ಉತ್ತರ: ಅಜ್ಜಿಯ ಪ್ರಾಯ, ಅಜ್ಜಿಯ ಕುಡ್ತೆ

ಕಾಸರಗೋಡಿನ ಬದಿಯಡ್ಕ ಸಮೀಪದ ಓದುಗಿಯೊಬ್ಬರ ಪತ್ರ: "2025ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತೀರಿಕೊಂಡ ನಮ್ಮ ಅಜ್ಜಿಯ ವರ್ಷಾಂತಿಕಕ್ಕೆ ಸಣ್ಣದೊಂದು ನೆನಪಿನ ಪುಸ್ತಿಕೆ ತರಬೇಕೆಂದಿದ್ದೇವೆ. ಅದರ ಲೇಖನವನ್ನು ನಿಮಗೂ ಕಳುಹಿಸಿದ್ದೆ, ಹಿಂದೆ ಬಂತು, ಯಾಕೆ? ಪ್ರಾಯದ ವಿಷಯದಲ್ಲಿ ಮನೆಯಲ್ಲೇ ಒಮ್ಮತ ಇಲ್ಲ. ದೊಡ್ಡಮಾವ 95 ಎನ್ನುತ್ತಾರೆ, ಆಧಾರ್ ಕಾರ್ಡಿನ ಪ್ರಕಾರ 91. ಜಾತಕದಲ್ಲಿ ಪ್ರಮೋದೂತ ಸಂವತ್ಸರ, ಮೀನ ಮಾಸ 9 ಎಂದಿದೆ. ಮನೆಮಂದಿಗಾಗಿ ಜೀವ ತೇದವರ ಬಗ್ಗೆ ಹೇಗೆ ಬರೆಯಬೇಕು?"

ಮೊದಲು ಪ್ರಾಯದ ಲೆಕ್ಕ ಮುಗಿಸೋಣ. ನಿಮ್ಮ ಅಜ್ಜಿಗೆ 95 ಅಲ್ಲ, 91 ಕೂಡ ಅಲ್ಲ, 94. ಪ್ರಮೋದೂತ ಎಂದೊಡನೆ 1930 ಎಂದು ಬರೆದುಬಿಡುವುದು ಎಲ್ಲ ಕಡೆ ಆಗುವ ತಪ್ಪು. ನಮ್ಮ ಕಡೆಯದು ಸೌರಮಾನ. ಸಂವತ್ಸರ ಏಪ್ರಿಲ್ ನಡುವಿನ ವಿಷುವಿಗೆ ಶುರುವಾಗಿ ಮುಂದಿನ ವಿಷುವಿನವರೆಗೆ ಇರುತ್ತದೆ. ಮೀನ ಅದರ ಕೊನೆಯ ತಿಂಗಳು, ಅಷ್ಟು ಹೊತ್ತಿಗೆ ಇಸವಿ 1931ಕ್ಕೆ ದಾಟಿರುತ್ತದೆ. ಮೀನ 9 ಎಂದರೆ 1931ರ ಮಾರ್ಚ್ 22 ಅಥವಾ 23. ಸಂಕ್ರಮಣದ ದಿನವನ್ನೇ ಒಂದನೆಯ ತಾರೀಕು ಎಂದು ಹಿಡಿದರೋ ಮರುದಿನವನ್ನೋ ಎಂಬುದರ ಮೇಲೆ ಈ ಒಂದು ದಿನದ ವ್ಯತ್ಯಾಸ. ಜಾತಕದಲ್ಲಿ ವಾರ ಇದ್ದೇ ಇರುತ್ತದೆ, ಭೂತಗನ್ನಡಿ ಹಿಡಿದು ನೋಡಿ. ಆದಿತ್ಯವಾರವಾದರೆ 22, ಸೋಮವಾರವಾದರೆ 23. ಘಟ್ಟದ ಮೇಲಿನ ನೆಂಟರು ಪ್ರಜೋತ್ಪತ್ತಿ ಸಂವತ್ಸರ ಎಂದು ವಾದಿಸಿದರೆ ಜಗಳಕ್ಕೆ ಹೋಗಬೇಡಿ. ಚಾಂದ್ರಮಾನದ ಯುಗಾದಿ ಆ ವರ್ಷ ಎರಡು ಮೂರು ದಿನ ಮೊದಲೇ ಕಳೆದಿತ್ತು, ಅವರ ಲೆಕ್ಕದಲ್ಲಿ ಅವರೂ ಸರಿ. ಆಧಾರಿನಲ್ಲಿ ಜನವರಿ 1 ಎಂದಿದ್ದರೆ ಅಂದಾಜಿನ ಇಸವಿ ಹೇಳಿ ನೋಂದಾಯಿಸಿದ್ದು ಎಂದು ತಿಳಿಯಿರಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಅದೇ ತಾರೀಕು.

ತಾರೀಕಿಲ್ಲದ ಹಳೆಯ ಕಾಗದ ಪತ್ರಗಳಿದ್ದರೆ ವಿಳಾಸ ನೋಡಿ. 'ದಕ್ಷಿಣ ಕನ್ನಡ ಜಿಲ್ಲೆ' ಎಂದಿದ್ದರೆ ಅದು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ಕ್ಕಿಂತ ಹಿಂದಿನದು. (ಅಭ್ಯಾಸಬಲದಿಂದ ಆಮೇಲೂ ಹಾಗೆಯೇ ಬರೆಯುತ್ತಿದ್ದ ಹಟವಾದಿಗಳು ಇದ್ದರು, ಅಂಚೆ ಮುದ್ರೆಯನ್ನೂ ನೋಡಿ.) 'ಕಣ್ಣೂರು ಜಿಲ್ಲೆ' ಎಂದಿದ್ದರೆ 1957ರಿಂದ 1984ರ ಮೇವರೆಗಿನದು. ಲೆಕ್ಕದ ಪುಸ್ತಕದಲ್ಲಿ ಆಣೆ ಹೋಗಿ ನಯಾಪೈಸೆ ಬಂದಿದ್ದರೆ ಅದು 1957ರ ಏಪ್ರಿಲ್ 1ರಿಂದ ಈಚಿನದು. ಒಂದೇ ಮನೆಯ ಅದೇ ಅಡುಗೆಕೋಣೆಯಲ್ಲಿದ್ದುಕೊಂಡು ಅಜ್ಜಿ ಎಷ್ಟು ಸರಕಾರಗಳನ್ನು ಕಂಡರು ಎಂದು ಹೇಳಲು ಬೇರೆ ವಿಶೇಷಣ ಬೇಡ, ಈ ವಿಳಾಸಗಳನ್ನು ಸಾಲಾಗಿ ಕೊಟ್ಟರೆ ಸಾಕು.

ಲೇಖನ ಯಾಕೆ ಹಿಂದೆ ಬಂತು ಎಂದು ಕೇಳಿದ್ದೀರಿ. ತ್ಯಾಗಮಯಿ, ಅನ್ನಪೂರ್ಣೆ, ಸಹನಾಮೂರ್ತಿ ಎಂದು ಎರಡು ಪುಟ ತುಂಬಿದೆ. ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಹೆಸರು ತೆಗೆದು ಪಕ್ಕದ ಮನೆಯ ಅಜ್ಜಿಯ ಹೆಸರು ಹಾಕಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ. ಮನೆಮಂದಿಯ ಮೇಲಿನ ಅಕ್ಕರೆ ಕೆಲಸದಲ್ಲಿ ಕಾಣುತ್ತದೆ, ಕೆಲಸಕ್ಕೆ ಅಳತೆ ಇರುತ್ತದೆ. ಆ ಅಳತೆಯನ್ನು ಬರೆಯಿರಿ.

"ಅಜ್ಜಿಯ ಹಲಸಿನ ಹಪ್ಪಳದ ರುಚಿ ಮರೆಯಲಾಗದು" ಎಂಬ ನಿಮ್ಮ ಒಂದು ಸಾಲನ್ನೇ ತೆಗೆದುಕೊಳ್ಳಿ. ಅದರ ಹಿಂದೆ ಎರಡು ತಿಂಗಳ ದುಡಿಮೆ ಇದೆ. ಯಾವ ಮರದ ಕಾಯಿ, ಗಟ್ಟಿ ಸೊಳೆಯ ಬಕ್ಕೆಯೋ ಮೆತ್ತನೆಯ ತುಳುವವೋ? ಬೆಳೆದಿರಬೇಕು, ಹಣ್ಣಿಗೆ ತಿರುಗಿರಬಾರದು. ಸಿಹಿ ಏರಿದ ಸೊಳೆಯ ಹಪ್ಪಳ ಎಣ್ಣೆಗೆ ಬಿದ್ದೊಡನೆ ಕೆಂಪಾಗಿ ಕರಟುತ್ತದೆ. ಸೊಳೆಯನ್ನು ನೀರಲ್ಲಿ ಮುಳುಗಿಸದೆ ಹಬೆಯಲ್ಲಿ ಬೇಯಿಸಬೇಕು, ನೀರು ಕುಡಿದರೆ ಹಿಟ್ಟು ಕೈಗಂಟುತ್ತದೆ, ಉಂಡೆ ನಿಲ್ಲುವುದಿಲ್ಲ. ಬಿಸಿ ಆರುವ ಮೊದಲೇ ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಕುಟ್ಟಬೇಕು, ಆರಿದ ಮೇಲೆ ನಾರು ಸುಲಭಕ್ಕೆ ನುಣ್ಣಗಾಗದು. ಒತ್ತಿ ಚಾಪೆಯ ಮೇಲೆ ಹರವಿ, ಮಗುಚಿ, ಎರಡು ಮೂರು ಬಿಸಿಲು ಕಾಣಿಸಬೇಕು. ಮುರಿದರೆ ಟಕ್ಕೆಂದು ತುಂಡಾಗಬೇಕು, ಬಾಗಿದರೆ ಆಟಿಗೆ ಮೊದಲೇ ಬೂಸ್ಟು ಹಿಡಿದೀತು. ಹಪ್ಪಳ ಬೇಕಾಗುವುದು ಆಟಿಯಲ್ಲೇ ಅಲ್ಲವೇ! ಇದರಲ್ಲಿ ಅಜ್ಜಿಯ ಪಾಲು ಯಾವುದು? ಕುಟ್ಟಿದವರು ಯಾರು, ಒತ್ತಿದವರು ಯಾರು, ಕಾಗೆ ಓಡಿಸಲು ಯಾವ ಮೊಮ್ಮಗು ಕೂತಿತ್ತು, ಒಂದು ವರ್ಷಕ್ಕೆ ಎಷ್ಟು ಕಟ್ಟು ಆಗುತ್ತಿತ್ತು, ಅದರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೆ ಎಷ್ಟು?

ಉಪ್ಪು ಎಷ್ಟು ಎಂದರೆ "ಒಂದು ಕುಡ್ತೆ" ಎಂಬ ಉತ್ತರ ಬರುತ್ತದೆ. ಕುಡ್ತೆ ಎಂದರೆ ಅಳತೆಯ ಸಣ್ಣ ಪಾತ್ರೆ. ಅಜ್ಜಿಯದು ಅಟ್ಟದಲ್ಲಿ ಇದ್ದೀತು, ಹುಡುಕಿ. ಗಂಟಲಿನವರೆಗೆ ನೀರು ತುಂಬಿಸಿ, ಮಿಲಿಲೀಟರ್ ಗೆರೆ ಇರುವ ಪಾತ್ರೆಗೆ ಸುರಿಯಿರಿ, ಎಷ್ಟೆಂದು ಬರೆದಿಡಿ. ನಿಮ್ಮದೇ ಮನೆಯ ಕುಡ್ತೆ ಬೇಕು, ಮನೆಯಿಂದ ಮನೆಗೆ ಅದು ಬೇರೆ. ಅಕ್ಕಿಯ ಲೆಕ್ಕ ಸುಲಭ: 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ವರ್ಷಕ್ಕೆ ಎಷ್ಟು ಮುಡಿ ಅನ್ನವಾಗುತ್ತಿತ್ತು ಎಂದು ಕೇಳುವಾಗ 1970ರ ಮೊದಲು ಎಷ್ಟು, ಆಮೇಲೆ ಎಷ್ಟು ಎಂದು ಬಿಡಿಸಿ ಕೇಳಿ. ಕೇರಳದ ಭೂಸುಧಾರಣೆಯಿಂದ ಆ ಜನವರಿಯಲ್ಲಿ ಗೇಣಿ ನಿಂತಿತು. ಗೇಣಿ ಪಡೆಯುತ್ತಿದ್ದ ಮನೆಯಾದರೂ ಕೊಡುತ್ತಿದ್ದ ಮನೆಯಾದರೂ ಅಜ್ಜಿ ಅಕ್ಕಿ ತುಂಬಿಡುತ್ತಿದ್ದ ಕಲಂಬಿಗೆ ಅದು ಗೊತ್ತಾಗಿರುತ್ತದೆ. ನೀರು ಎಲ್ಲಿಂದ ಎಂಬುದೂ ಬೇಕು. ಗುಡ್ಡಕ್ಕೆ ಕೊರೆದ ಸುರಂಗದ ನೀರು ಅಡಿಕೆ ಮರ ಸೀಳಿದ ದಂಬೆಯಲ್ಲಿ ಅಂಗಳಕ್ಕೇ ಬರುತ್ತಿತ್ತೋ, ಕೊಡ ಹೊತ್ತು ತರಬೇಕಿತ್ತೋ? ಪಂಪು ಬಂದದ್ದು ಯಾವಾಗ?

"ಎಂಟು ಮಕ್ಕಳ ತಾಯಿ" ಎಂದಿದ್ದೀರಿ. ಉಳಿದದ್ದು ಎಂಟೋ, ಹೆತ್ತದ್ದೇ ಎಂಟೋ? ಆ ಕಾಲದಲ್ಲಿ ಇವೆರಡು ಒಂದೇ ಆಗಿರುವುದು ಅಪರೂಪ. ತೀರಿಹೋದ ಕೂಸುಗಳನ್ನು ನೆನಪಿನ ಪುಸ್ತಿಕೆಗಳು ಬಿಟ್ಟುಬಿಡುತ್ತವೆ, ಅಜ್ಜಿ ಬಿಟ್ಟಿರಲಾರರು. ಮನೆಯ ಹಿರಿಯರು ಒಪ್ಪಿದರೆ ಸೇರಿಸಿ.

ಹಿರಿಯರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ. ಜಗಲಿಯಲ್ಲಿ ಎಲ್ಲರೂ ಸೇರಿದರೆ ದೊಡ್ಡಮಾವನೊಬ್ಬರ ಮಾತೇ ಉಳಿಯುತ್ತದೆ. "ಅಜ್ಜಿ ಹೇಗಿದ್ದರು" ಎಂದು ಕೇಳಿದರೆ "ದೇವರಂಥವರು" ಎಂಬಲ್ಲಿಗೆ ಮುಗಿಯಿತು. "ಬೆಳಿಗ್ಗೆ ಮೊದಲು ಯಾವ ಬಾಗಿಲು ತೆಗೆಯುತ್ತಿದ್ದರು", "ಸಿಟ್ಟು ಬಂದರೆ ಏನು ಮಾಡುತ್ತಿದ್ದರು" ಎಂದು ಕೇಳಿ. ಧ್ವನಿ ಮುದ್ರಿಸುವಾಗ ಫ್ಯಾನ್ ನಿಲ್ಲಿಸಿ, ಫೋನಿನ ಕೆಳಗೆ ಮಡಚಿದ ಬಟ್ಟೆ ಇಡಿ. ತುಳುವಿನಲ್ಲೋ ಹವ್ಯಕದಲ್ಲೋ ಮಲಯಾಳದಲ್ಲೋ ಅಜ್ಜಿ ಆಡಿದ ಮಾತನ್ನು ಹಾಗೆಯೇ ಇರಿಸಿ, ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿ.

ಫೋಟೋ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಮುಖವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಗಾಜಿನ ಸಮೇತ, ಓರೆ ಬೆಳಕಲ್ಲಿ, ಪ್ರತಿಫಲನ ಬೀಳದಂತೆ ಚಿತ್ರ ತೆಗೆಯಿರಿ. ಬಿಡಿ ಫೋಟೋಗಳನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ವಾಟ್ಸಾಪಿನಲ್ಲಿ ಕಳುಹಿಸುವುದಾದರೆ 'ಡಾಕ್ಯುಮೆಂಟ್' ಎಂದೇ ಕಳುಹಿಸಿ, ಫೋಟೋವಾಗಿ ಕಳುಹಿಸಿದರೆ ಕುಗ್ಗಿ ಅಚ್ಚಿಗೆ ಒದಗುವುದಿಲ್ಲ. ಹಿಂಬದಿಯಲ್ಲಿ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್, ಬಾಲ್‌ಪೆನ್ ಬೇಡ. ಇವೆಲ್ಲ ಮಳೆ ಹಿಡಿಯುವ ಮೊದಲು ಆಗಲಿ.

ನಮಗೆ ಎಂಟುನೂರು ಪದ, ಎರಡು ಚಿತ್ರ ಸಾಕು. ಕಳುಹಿಸುವ ಮೊದಲು ಮನೆಯ ಹಿರಿಸೊಸೆಗೆ ಒಮ್ಮೆ ಓದಿ ಹೇಳಿ. ಹೆಚ್ಚು ವರ್ಷ ಅಜ್ಜಿಯ ಜತೆ ಒಲೆಯ ಮುಂದೆ ನಿಂತವರು ಅವರು. ಹಪ್ಪಳಕ್ಕೆ ನೀವು ಹಾಕಿದ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಅವರೇ ಹೇಳಬೇಕು.