ಮುತ್ತು ಕೊಳ್ಳಲು ಹೊರದೇಶಕ್ಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಮುತ್ತಿನ ಸರ, ಜುಮುಕಿ, ಬಳೆಗಳನ್ನು ಮಾಡಿ ಮಾರುತ್ತೇನೆ. ನಾಲ್ಕು ವರ್ಷಗಳಿಂದ ಹೈದರಾಬಾದಿನ ಸಗಟು ವ್ಯಾಪಾರಿಗಳಲ್ಲಿ ಸಿಹಿನೀರಿನ ಮುತ್ತು ಕೊಳ್ಳುತ್ತಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಚೀನಾದಿಂದ ಬರುತ್ತವೆಂದು ತಿಳಿದ ಮೇಲೆ, ನಾನೇ ಹೋಗಿ ಕೊಂಡು ತಂದರೆ ಹೇಗೆ ಎಂಬ ಯೋಚನೆ ಬಂದಿದೆ. ಮೂರು ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ಚೀನಾಕ್ಕೇ ಹೋಗಬೇಕೇ, ಹಾಂಗ್‌ಕಾಂಗ್ ಸಾಕೇ? ಮೋಸ ಹೋಗದಂತೆ ಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಯೋಚನೆ ತಪ್ಪಲ್ಲ, ಆದರೆ ಟಿಕೆಟ್ ತೆಗೆಸುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಮೂರು ಲಕ್ಷದಲ್ಲಿ ವಿಮಾನ, ವಸತಿ, ಊಟ, ಓಡಾಟಕ್ಕೆ ಒಂದು ಲಕ್ಷ ಹೋಯಿತೆಂದುಕೊಳ್ಳೋಣ. ಉಳಿದ ಎರಡು ಲಕ್ಷದ ಮಾಲಿನ ಮೇಲೆ ಆ ಖರ್ಚನ್ನು ಹಂಚಿದರೆ, ಅಲ್ಲಿ ನೂರು ರೂಪಾಯಿಗೆ ಕೊಂಡ ಮುತ್ತು ಸುಂಕ ಸೇರುವ ಮೊದಲೇ ನಿಮಗೆ ನೂರೈವತ್ತು ರೂಪಾಯಿಗೆ ಬಿದ್ದಂತಾಗುತ್ತದೆ. ಹೈದರಾಬಾದಿನ ವ್ಯಾಪಾರಿ ಅದೇ ಮುತ್ತನ್ನು ನೂರಮೂವತ್ತಕ್ಕೆ ಕೊಡುತ್ತಿದ್ದರೆ ಈ ಪ್ರಯಾಣದಿಂದ ನಷ್ಟವೇ. ಆದ್ದರಿಂದ ಮೊದಲ ಸಲ ಹೋಗುವುದು ಬೆಲೆ ತಿಳಿಯಲು, ಕಣ್ಣು ಪಳಗಿಸಿಕೊಳ್ಳಲು, ನಂಬಬಹುದಾದ ಇಬ್ಬರು ಮೂವರು ಮಾರಾಟಗಾರರನ್ನು ಗುರುತಿಸಿಕೊಳ್ಳಲು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಳ್ಳಿ. ಕೈಯಲ್ಲಿರುವ ಹಣವನ್ನೆಲ್ಲ ಆ ಒಂದೇ ಸಲಕ್ಕೆ ಹಾಕಬೇಡಿ. ನೀವು ಈಗಾಗಲೇ ಮಾರಿ ಗೆದ್ದಿರುವ ಗಾತ್ರ, ಬಣ್ಣಗಳನ್ನಷ್ಟೇ ಕೊಳ್ಳಿ.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಬರುತ್ತೇನೆ. ಜಗತ್ತಿನ ಸಿಹಿನೀರಿನ ಮುತ್ತುಗಳಲ್ಲಿ ಬಹುಪಾಲು ಬೆಳೆಯುವುದು ಚೀನಾದಲ್ಲಿ. ಅದರ ದೊಡ್ಡ ಸಗಟು ಪೇಟೆ ಇರುವುದು ಜೆಜಿಯಾಂಗ್ ಪ್ರಾಂತದ ಝೂಜಿ ನಗರಕ್ಕೆ ಸೇರಿದ ಶಾನ್‌ಶಿಯಾಹು ಎಂಬ ಊರಿನಲ್ಲಿ. ಅಲ್ಲಿ ಒಂದೊಂದು ಕಪ್ಪೆಚಿಪ್ಪಿನಲ್ಲಿ ಹತ್ತಾರು ಮುತ್ತುಗಳನ್ನು ಬೆಳೆಯುತ್ತಾರೆ. ಜಪಾನಿನ ಅಕೋಯಾ ಎಂಬ ಸಮುದ್ರದ ಸಿಂಪಿಯಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಮಾತ್ರ. ಬೆಲೆಯ ಅಂತರಕ್ಕೆ ಇದೊಂದು ಮುಖ್ಯ ಕಾರಣ. ಶಾನ್‌ಶಿಯಾಹುವಿನಲ್ಲಿ ಬೆಲೆ ಕಡಿಮೆ ಎಂಬುದು ನಿಜವಾದರೂ, ಚೀನೀ ಭಾಷೆ ಬಾರದವರಿಗೆ ದುಭಾಷಿಯಿಲ್ಲದೆ ಹೆಜ್ಜೆ ಇಡುವುದು ಕಷ್ಟ. ಜೊತೆಗೆ ಅಲ್ಲಿನ ವ್ಯಾಪಾರ ಹೆಚ್ಚು ಪ್ರಮಾಣದಲ್ಲಿ ಕೊಳ್ಳುವವರಿಗೆ ಒಗ್ಗುವಂಥದ್ದು. ನಿಮ್ಮ ಮೊದಲ ಪ್ರಯಾಣಕ್ಕೆ ಹಾಂಗ್‌ಕಾಂಗ್ ಮೇಲು. ಮಾರ್ಚ್ ಹೊತ್ತಿಗೆ ಮತ್ತು ಸೆಪ್ಟೆಂಬರ್‌ನಲ್ಲಿ ಅಲ್ಲಿ ನಡೆಯುವ ದೊಡ್ಡ ಆಭರಣ ಮೇಳಗಳಿಗೆ ಝೂಜಿಯವರೂ, ಜಪಾನಿನವರೂ, ತಹೀತಿಯ ಕಪ್ಪು ಮುತ್ತಿನವರೂ ಬರುತ್ತಾರೆ. ಮುತ್ತು, ರತ್ನಗಳ ಮಳಿಗೆಗಳು ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡಿರುವ ಏಷ್ಯಾವರ್ಲ್ಡ್-ಎಕ್ಸ್‌ಪೋ ಸಭಾಂಗಣದಲ್ಲಿ ಇರುವುದರಿಂದ ಓಡಾಟವೂ ಕಡಿಮೆ. ಇವು ವ್ಯಾಪಾರಿಗಳಿಗಾಗಿ ನಡೆಯುವ ಮೇಳಗಳಾದ್ದರಿಂದ ಮುಂಚಿತವಾಗಿ ನೋಂದಾಯಿಸಿಕೊಳ್ಳಬೇಕು, ಕೈಯಲ್ಲಿ ನಿಮ್ಮ ವ್ಯಾಪಾರದ ವಿಸಿಟಿಂಗ್ ಕಾರ್ಡ್ ಇರಬೇಕು. ಚೀನೀ ಹೊಸವರ್ಷದ ಆಸುಪಾಸಿನಲ್ಲಿ ಮಾತ್ರ ಎರಡೂ ಕಡೆ ಹೋಗಬೇಡಿ; ಅಂಗಡಿಗಳು ಮುಚ್ಚಿರುತ್ತವೆ.

ಇನ್ನು ಕೊಳ್ಳುವ ಬಗೆ. ನನ್ನ ಮೊದಲ ಪ್ರಯಾಣದಲ್ಲಿ ಒಂದು ಮಳಿಗೆಯ ಹಳದಿ ದೀಪದ ಕೆಳಗೆ ಐದು ಎಳೆಗಳ ಒಂದು ಕಂತೆಯನ್ನು ನೋಡಿ, ಅದರ ಕೆನೆಬಣ್ಣಕ್ಕೆ ಮನಸೋತು ತಕ್ಷಣ ಕೊಂಡೆ. ಊರಿಗೆ ಬಂದು ಬೆಳಗಿನ ಹೊತ್ತು ಜಗಲಿಯ ಮೇಲೆ ಬಿಳಿ ಪಂಚೆ ಹಾಸಿ ಬಿಡಿಸಿದರೆ, ಎರಡು ಎಳೆ ಗುಲಾಬಿ ಛಾಯೆಯವು, ಒಂದು ಹಸಿರು ಛಾಯೆಯದು, ಉಳಿದೆರಡು ಮಾತ್ರ ನಾನು ಕಂಡ ಕೆನೆಬಣ್ಣದವು. ಒಂದೇ ಹಾರಕ್ಕೆ ಆ ಐದನ್ನೂ ಸೇರಿಸಲು ಸಾಧ್ಯವಾಗಲಿಲ್ಲ. ಮಾರಿದವರು ಸುಳ್ಳು ಹೇಳಿರಲಿಲ್ಲ, ನಾನು ಬೆಳಕನ್ನು ಕೇಳಿರಲಿಲ್ಲ. ಅಂದಿನಿಂದ ನಾನು ಮುತ್ತನ್ನು ಕಿಟಕಿಯ ಬಳಿಗೆ ಒಯ್ದು, ಬೂದು ಬಣ್ಣದ ಬಟ್ಟೆಯ ಮೇಲಿಟ್ಟು, ನೇರ ಬಿಸಿಲಿಲ್ಲದ ಹಗಲು ಬೆಳಕಿನಲ್ಲೇ ನೋಡುತ್ತೇನೆ. ಕಪ್ಪು ಮಖಮಲ್ಲಿನ ಮೇಲೆ ಸಾಧಾರಣ ಮುತ್ತೂ ಚೆನ್ನಾಗಿ ಕಾಣುತ್ತದೆ. ಸಭಾಂಗಣದಲ್ಲಿ ಕಿಟಕಿ ಸಿಗದಿದ್ದರೆ, ಮನೆಯಿಂದ ಒಯ್ದ ನಿಮ್ಮದೇ ಒಂದು ಒಳ್ಳೆಯ ಎಳೆಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ. ಯಾವ ದೀಪದ ಕೆಳಗಾದರೂ ಎರಡರ ನಡುವಿನ ವ್ಯತ್ಯಾಸ ಕಂಡೇ ಕಾಣುತ್ತದೆ.

ನಮ್ಮ ಹಿರಿಯರು ಮುತ್ತಿನ ‘ನೀರು’ ಎನ್ನುತ್ತಿದ್ದುದು ಅದರ ಹೊಳಪನ್ನು. ಮೊದಲು ನೋಡಬೇಕಾದದ್ದು ಅದನ್ನೇ. ಗಾತ್ರವನ್ನೂ ದುಂಡನ್ನೂ ಆಮೇಲೆ. ಮುತ್ತನ್ನು ಕಣ್ಣಿನ ಹತ್ತಿರ ಹಿಡಿದಾಗ ಮೇಲಿನ ದೀಪದ ಪ್ರತಿಬಿಂಬ ಅಂಚು ಕಟ್ಟಿದಂತೆ ಸ್ಪಷ್ಟವಾಗಿ ಕಂಡರೆ ನೀರು ಚೆನ್ನಾಗಿದೆ. ಮಂಜಿನೊಳಗಿನ ದೀಪದಂತೆ ಹರಡಿ ಕಂಡರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಡಿ. ಬಳಿಕ ಎಳೆಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಹೊರಳಿಸಿ. ನೇರವಾಗಿ ಉರುಳಿದರೆ ಮುತ್ತು ದುಂಡಗಿದೆ, ತೂತೂ ನಡುವೆಯೇ ಬಿದ್ದಿದೆ ಎಂದರ್ಥ. ಓಲಾಡಿದರೆ ಎರಡರಲ್ಲೊಂದು ದೋಷವಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿಂದ ತೂತಿನ ಬಾಯಿಯನ್ನು ನೋಡಿ: ಅಲ್ಲಿ ಬಣ್ಣ ದಟ್ಟವಾಗಿ ಉಂಗುರ ಕಟ್ಟಿದ್ದರೆ ಅದು ಬಣ್ಣ ಹಾಕಿದ ಮುತ್ತು, ಪದರ ಸಿಪ್ಪೆಯಂತೆ ಎದ್ದಿದ್ದರೆ ಅದು ನಕಲಿಯಾಗಿರಬಹುದು. ಸಿಹಿನೀರಿನ ಮುತ್ತಿಗೆ ಬಿಳಿ, ಕೆನೆ, ಪೀಚ್, ನಸುನೇರಳೆ ಬಣ್ಣಗಳು ಸಹಜ; ಕಡುಗಪ್ಪು ಸಹಜವಲ್ಲ. ಬಣ್ಣ ಹಾಕಿದ್ದನ್ನು ಮಾರುವುದು ತಪ್ಪಲ್ಲ, ಆದರೆ ನಿಮ್ಮ ಗಿರಾಕಿಗೆ ಅದನ್ನು ಹೇಳಿಯೇ ಮಾರಬೇಕು. ಎರಡು ಮುತ್ತನ್ನು ಒಂದಕ್ಕೊಂದು ಹಗುರಾಗಿ ಉಜ್ಜಿದಾಗ ನಯವಾದ ಮರಳಿನಂತೆ ತರಿತರಿ ಅನಿಸಿದರೆ ಅಸಲಿ, ಜಾರಿದರೆ ಗಾಜು ಅಥವಾ ಪ್ಲಾಸ್ಟಿಕ್. ಮಾರುವವರನ್ನು ಕೇಳಿಯೇ ಈ ಪರೀಕ್ಷೆ ಮಾಡಿ.

ಹೊಸಬರು ಮರೆಯುವ ಎರಡು ಸಂಗತಿಗಳಿವೆ. ಸಗಟು ಎಳೆಯ ಉದ್ದ ಸಾಮಾನ್ಯವಾಗಿ 16 ಅಂಗುಲ, ಅಂದರೆ ಸುಮಾರು 40 ಸೆಂಟಿಮೀಟರ್. ನಿಮ್ಮ ಗಿರಾಕಿಗಳು ಕೇಳುವುದು 18 ಅಂಗುಲದ ಸರವಾದರೆ, ಐದು ಎಳೆಗಳಿಂದ ನಾಲ್ಕೇ ಸರವಾಗುತ್ತವೆ. 7 ಮಿಲಿಮೀಟರ್ ಮುತ್ತಾದರೆ ಒಂದು ಎಳೆಯಲ್ಲಿ ಇರುವುದು ಸುಮಾರು 57 ಮಾತ್ರ. ಗಂಟು ಹಾಕಿ ಪೋಣಿಸಿದಾಗ ಉದ್ದ ತುಸು ಹೆಚ್ಚುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಜುಮುಕಿಗೆ ಜೋಡಿಮುತ್ತುಗಳನ್ನು ಅದೇ ಕಂತೆಯಿಂದ ಎತ್ತಿಡಿ. ಎರಡನೆಯದು ತೂತಿನ ಅಳತೆ. ನಿಮ್ಮ ಅಕ್ಕಸಾಲಿಗರು ಬಳಸುವ ಚಿನ್ನದ ತಂತಿಯ ಬೆರಳುದ್ದದ ತುಣುಕೊಂದನ್ನು ಪರ್ಸಿನಲ್ಲಿ ಒಯ್ದು, ಕಂತೆಯ ಮೂರು ನಾಲ್ಕು ಕಡೆಯ ಮುತ್ತುಗಳಲ್ಲಿ ತೂರಿಸಿ ನೋಡಿ. ತಂತಿ ಹೋಗದಿದ್ದರೆ ಊರಿಗೆ ಬಂದು ಪ್ರತಿಯೊಂದನ್ನೂ ಮತ್ತೆ ಕೊರೆಸಬೇಕಾಗುತ್ತದೆ, ಕೊರೆಯುವಾಗ ಕೆಲವು ಒಡೆಯುತ್ತವೆ.

  

ಪ್ರಶ್ನೆ: ಮಾರುವವರೆಲ್ಲ ‘ಎಎಎ’ ದರ್ಜೆ ಎನ್ನುತ್ತಾರೆ. ಇದನ್ನು ನಂಬಬಹುದೇ? — ಬೆಂಗಳೂರಿನ ಓದುಗರು

ಉತ್ತರ: ಆ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆಗೋಲಿಲ್ಲ. ಒಬ್ಬರ ‘ಎಎಎ’ ಇನ್ನೊಬ್ಬರಲ್ಲಿ ‘ಎಎ’ ಆಗಿರುತ್ತದೆ. ಬೇರೆ ಬೇರೆ ಮಳಿಗೆಗಳ ದರ್ಜೆಗಳನ್ನು ಹೋಲಿಸಬೇಡಿ. ಒಂದೇ ಮಳಿಗೆಯಲ್ಲಿ ಮೂರು ದರ್ಜೆಗಳನ್ನು ಅಕ್ಕಪಕ್ಕ ಇಡಿಸಿ, ಬೆಲೆಯ ಅಂತರಕ್ಕೆ ತಕ್ಕಷ್ಟು ಅಂತರ ನಿಮ್ಮ ಕಣ್ಣಿಗೂ ಕಾಣುತ್ತದೆಯೇ ನೋಡಿ. ನಿಮ್ಮ ಕಣ್ಣಿಗೆ ಕಾಣದ ಅಂತರ ನಿಮ್ಮ ಗಿರಾಕಿಗೂ ಕಾಣುವುದಿಲ್ಲ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಪ್ರಶ್ನೆ: ಕೊಂಡ ಮುತ್ತನ್ನು ಕೈಚೀಲದಲ್ಲೇ ತಂದರೆ ಯಾರೂ ಕೇಳುವುದಿಲ್ಲವೆಂದು ಪರಿಚಯದವರು ಹೇಳಿದರು. ವೀಸಾ, ಸುಂಕದ ವಿಷಯ ತಿಳಿಸಿ. — ಮಂಗಳೂರಿನ ಓದುಗರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮಾರಾಟಕ್ಕಾಗಿ ತರುವ ಸರಕು ಪ್ರಯಾಣಿಕರ ಸ್ವಂತ ಸಾಮಾನಿಗಿರುವ ವಿನಾಯಿತಿಗೆ ಸೇರುವುದಿಲ್ಲ. ಘೋಷಿಸದೆ ತಂದು ಸಿಕ್ಕಿಬಿದ್ದರೆ ಮಾಲು ಜಪ್ತಿಯಾಗಬಹುದು, ದಂಡವೂ ಬೀಳಬಹುದು. ಹೊರಡುವ ಮೊದಲೇ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಶುಲ್ಕ ಕಟ್ಟಿ ಆಮದು-ರಫ್ತು ಸಂಖ್ಯೆ ಪಡೆಯಿರಿ. ನಿಮ್ಮ ಪ್ಯಾನ್ ಸಂಖ್ಯೆಯೇ ಆ ಸಂಖ್ಯೆಯಾಗುತ್ತದೆ. ಮುತ್ತನ್ನು ಮಾರಾಟಗಾರರಿಂದಲೇ ವಿಮಾನದ ಪಾರ್ಸೆಲ್ಲಿನಲ್ಲಿ ನಿಮ್ಮ ವ್ಯಾಪಾರದ ಹೆಸರಿಗೆ ಕಳುಹಿಸಿಕೊಂಡು, ಸುಂಕದ ಕಾಗದಪತ್ರ ನೋಡಿಕೊಳ್ಳುವ ಕಸ್ಟಮ್ಸ್ ಬ್ರೋಕರ್ ಮೂಲಕ ಬಿಡಿಸಿಕೊಳ್ಳಿ. ಮುತ್ತಿನ ಮೇಲೆ ಶೇಕಡಾ 3ರಷ್ಟು ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಕಟ್ಟುವ ಜಿಎಸ್‌ಟಿ ಇದೆ. ಜಿಎಸ್‌ಟಿ ನೋಂದಣಿ ಇರುವವರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ಮಾರಾಟದ ಮೇಲೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಸುಂಕದ ದರ ಬದಲಾಗುತ್ತಿರುವುದರಿಂದ ಆರ್ಡರ್ ಕೊಡುವ ವಾರದಲ್ಲಿ ಬ್ರೋಕರನ್ನೇ ಕೇಳಿ. ಸಾಗಣೆಗಾಗಿ ತಾತ್ಕಾಲಿಕ ದಾರದಲ್ಲಿ ಪೋಣಿಸಿದ ಮುತ್ತು ಸುಂಕದ ಪಟ್ಟಿಯಲ್ಲಿ ಮುತ್ತಿಗಿರುವ 7101ನೆಯ ಶೀರ್ಷಿಕೆಗೆ ಬರುತ್ತದೆ, ಕೊಂಡಿ ಹಾಕಿ ಸಿದ್ಧಪಡಿಸಿದ ಹಾರ ಅದಕ್ಕೆ ಬರುವುದಿಲ್ಲ, ಅದರ ಸುಂಕವೇ ಬೇರೆ. ಆದ್ದರಿಂದ ಕೊಂಡಿಯಿಲ್ಲದ ಎಳೆಗಳನ್ನೇ ಕೊಳ್ಳಿ. ಬಿಲ್ಲಿನಲ್ಲಿ ಬೆಲೆ ಇಳಿಸಿ ಬರೆದುಕೊಡುತ್ತೇನೆಂದು ಯಾರಾದರೂ ಮುಂದಾದರೆ ಒಪ್ಪಬೇಡಿ.

ಕೈಯಲ್ಲಿ ಒಯ್ಯಬಹುದಾದ ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಮಾತ್ರ. ಅದನ್ನು ನಿಮ್ಮ ಓಡಾಟದ ಖರ್ಚಿಗೆ ಇಟ್ಟುಕೊಂಡು, ಮಾಲಿನ ಹಣವನ್ನು ನಿಮ್ಮ ಬ್ಯಾಂಕಿನ ಮೂಲಕ ಕಳುಹಿಸಿ. ಹಾಂಗ್‌ಕಾಂಗ್‌ಗೆ 14 ದಿನದೊಳಗಿನ ಭೇಟಿಗೆ ಭಾರತೀಯರು ಮೊದಲೇ ಆನ್‌ಲೈನಿನಲ್ಲಿ ಆಗಮನಪೂರ್ವ ನೋಂದಣಿ ಮಾಡಿಕೊಂಡು, ಅದರ ಚೀಟಿಯನ್ನು ಮುದ್ರಿಸಿ ಒಯ್ಯಬೇಕು. ಅದನ್ನಿಟ್ಟುಕೊಂಡು ಝೂಜಿಗೆ ಹೋಗಲಾಗದು; ಚೀನಾಕ್ಕೆ ಪ್ರತ್ಯೇಕ ವ್ಯಾಪಾರ ವೀಸಾ ಬೇಕು, ಅದಕ್ಕೆ ಅಲ್ಲಿನ ವ್ಯಾಪಾರಿಯೊಬ್ಬರ ಆಹ್ವಾನಪತ್ರ ಬೇಕಾಗುತ್ತದೆ. ಹಾಂಗ್‌ಕಾಂಗ್ ಮೇಳದಲ್ಲಿ ನಿಮಗೆ ಒಪ್ಪಿಗೆಯಾದ ಮಾರಾಟಗಾರರ ವಿಳಾಸ ಪಡೆದು ಬನ್ನಿ, ಎರಡನೆಯ ಪ್ರಯಾಣಕ್ಕೆ ಆ ಪತ್ರವನ್ನು ಅವರಲ್ಲೇ ಕೇಳಬಹುದು.