ಓದುಗರ ಪ್ರಶ್ನೆ: ನಾಳೆಯಿಂದ ಶಾಲೆ ಇಲ್ಲ ಅಂದರೆ?

ಮಳೆ ರಜೆಗಳು ಮುಗಿಯುವ ಹೊತ್ತಿಗೆ ಜ್ವರದ ಸುದ್ದಿ ಶುರುವಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಇದೇ ವಿಷಯ, ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇವೆ.

ನಾನು ಕಾರವಾರದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಯಜಮಾನರದ್ದು ಕೈಗಾದಲ್ಲಿ ಶಿಫ್ಟ್ ಡ್ಯೂಟಿ. ಮಗ ಎರಡನೇ ಕ್ಲಾಸು, ಮಗಳು ಅಂಗನವಾಡಿ. ಅತ್ತೆಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಎಲ್ಲೋ ಸೋಂಕು ಅಂತ ಟಿವಿಯಲ್ಲಿ ಬಂದರೆ ಸಾಕು, 2020 ನೆನಪಾಗಿ ಹೊಟ್ಟೆಯಲ್ಲಿ ತಳಮಳ. ಈಗಿಂದಲೇ ಏನೇನು ತಂದಿಟ್ಟುಕೊಳ್ಳಬೇಕು?
– ಹೆಸರು ಬೇಡ, ಕಾರವಾರ

ತಂದಿಡುವ ವಿದ್ಯೆಯನ್ನು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳು ಕಡಲಿಗೆ ಇಳಿಯುವುದಿಲ್ಲ ಅಂತ ಗೊತ್ತಿದ್ದೇ ಮೇ ತಿಂಗಳಲ್ಲಿ ಒಣಮೀನು, ಹಪ್ಪಳ, ಉಪ್ಪಿನಕಾಯಿ ಎಲ್ಲ ಡಬ್ಬಿ ಸೇರಿರುತ್ತದೆ. ಅದರ ಮೇಲೆ ಎರಡು ವಾರದ ಅಕ್ಕಿ-ಬೇಳೆ ಇದ್ದರೆ ಬೇಕಾದಷ್ಟಾಯಿತು. ಅಂಗಡಿ ಖಾಲಿ ಮಾಡಿ ತರಬೇಡಿ, ದಿನಗೂಲಿಯವರಿಗೆ ಆಮೇಲೆ ಸಿಗುವುದಿಲ್ಲ.

ನಿಮಗೆ ಬೇಕಾಗಿರುವುದು ಸಾಮಾನಲ್ಲ, ಜನ. ಶಾಲೆ ಮುಚ್ಚಿತು ಅಂದರೆ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಆ ಎರಡು ಮಕ್ಕಳ ಜೊತೆ ಯಾರಿರುತ್ತಾರೆ? ಪತ್ರದಲ್ಲಿ ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ತಳಮಳ ಇರುವುದು ಅಲ್ಲೇ, ಅಲ್ವಾ? ‘ಅತ್ತೆ ಇದ್ದಾರಲ್ಲ’ ಅಂತ ಮನಸ್ಸು ಹೇಳುತ್ತದೆ. ಮಕ್ಕಳು ಆರೋಗ್ಯವಾಗಿದ್ದು ಶಾಲೆ ಮಾತ್ರ ಮುಚ್ಚಿದ್ದರೆ ಸರಿ, ಅತ್ತೆ ನೋಡಿಕೊಳ್ಳಲಿ. ಆದರೆ ಮಗುವಿಗೇ ಜ್ವರ-ಕೆಮ್ಮು ಬಂದರೆ ಸಕ್ಕರೆ ಕಾಯಿಲೆ ಇರುವ ಹಿರಿಯರನ್ನು ಪಕ್ಕದಲ್ಲಿ ಕೂರಿಸುವುದು ಸರಿಯಲ್ಲ. ಆಗ ನಿಮ್ಮಿಬ್ಬರಲ್ಲಿ ಒಬ್ಬರು ರಜೆ ಹಾಕಲೇಬೇಕು. ಯಾರು ಮೊದಲು, ಎಷ್ಟು ದಿನ, ಆಮೇಲೆ ಯಾರು ಅನ್ನುವುದನ್ನು ಈಗ, ಯಾರಿಗೂ ಜ್ವರ ಇಲ್ಲದಾಗ ಮಾತಾಡಿ ಮುಗಿಸಿ. ಜ್ವರ ಬಂದ ರಾತ್ರಿ ಹತ್ತು ಗಂಟೆಗೆ ಆ ಮಾತು ಶುರುವಾದರೆ ಅದು ಜಗಳವೇ. ‘ನನ್ನ ಕೆಲಸ ಕೆಲಸ ಅಲ್ವಾ’ ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಎಲ್ಲ ಮನೆಯಲ್ಲೂ ಅಷ್ಟೇ. ಮತ್ತೆ, ರಜೆ ಹಾಕುವವರು ಪ್ರತಿ ಸಲ ಹೆಂಗಸೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ಶಿಫ್ಟ್ ಡ್ಯೂಟಿಯವರಿಗೆ ಹಗಲು ಮನೆಯಲ್ಲಿರುವ ದಿನಗಳು ಇದ್ದೇ ಇರುತ್ತವೆ. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಮಾತಾಡಿ.

ಅಕ್ಕಪಕ್ಕದ ಒಂದೆರಡು ಮನೆಯವರ ಜೊತೆಗೂ ಹೇಳಿಟ್ಟುಕೊಳ್ಳಿ. ಇವತ್ತು ಅವರ ಮನೆ, ನಾಳೆ ನಿಮ್ಮ ಮನೆ. ನಾಲ್ಕೈದು ಮಕ್ಕಳು, ಅದೇ ಮಕ್ಕಳು. ದಿನಾ ಬೇರೆ ಬೇರೆ ಗುಂಪಿಗೆ ಕಳಿಸಿದರೆ ಶಾಲೆ ಮುಚ್ಚಿದ್ದಕ್ಕೆ ಅರ್ಥವೇ ಇಲ್ಲ.

ಇದನ್ನೆಲ್ಲ ಪರೀಕ್ಷೆ ಮಾಡಿ ನೋಡಲು ನಮ್ಮ ಜಿಲ್ಲೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ರಾತ್ರಿ ಎಂಟಕ್ಕೋ ಬೆಳಿಗ್ಗೆ ಆರಕ್ಕೋ ‘ಭಾರಿ ಮಳೆ, ಶಾಲೆಗಳಿಗೆ ರಜೆ’ ಅಂತ ಜಿಲ್ಲಾಧಿಕಾರಿಗಳ ಆದೇಶ ಬರುತ್ತದಲ್ಲ, ಮುಂದಿನ ಸಲ ಅದು ಬಂದಾಗ ಸುಮ್ನೆ ಒದ್ದಾಡುವ ಬದಲು ನೀವು ಮಾಡಿಕೊಂಡ ಏರ್ಪಾಡನ್ನು ನಡೆಸಿ ನೋಡಿ. ಪಕ್ಕದ ಮನೆಯವರು ನಿಜಕ್ಕೂ ಬಾಗಿಲು ತೆಗೆಯುತ್ತಾರಾ, ಮಗ ಅಲ್ಲಿ ಊಟ ಮಾಡುತ್ತಾನಾ, ಎಲ್ಲ ಅವತ್ತೇ ಗೊತ್ತಾಗುತ್ತದೆ.

ಮದ್ದಿನ ಡಬ್ಬಿಯಲ್ಲಿ ಅತ್ತೆಯ ಮಾತ್ರೆ ಒಂದು ತಿಂಗಳಿಗಾಗುವಷ್ಟು ಇರಲಿ. ಜ್ವರ ನೋಡುವ ಥರ್ಮಾಮೀಟರ್, ನಾಲ್ಕಾರು ಓಆರ್‌ಎಸ್ ಪೊಟ್ಟಣ ಇರಲಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಲೋಟದಲ್ಲಿ ಅಂದಾಜು ಮಾಡಬೇಡಿ. ಪ್ಯಾರಸಿಟಮಾಲ್ ಸಿರಪ್ಪಿನ ಪ್ರಮಾಣ ಮಗುವಿನ ತೂಕದ ಮೇಲೆ ಹೋಗುತ್ತದೆ, ಹಾಗಾಗಿ ನಿಮ್ಮ ಡಾಕ್ಟರ ಹತ್ತಿರ ಕೇಳಿ ಬಾಟಲಿ ಮೇಲೇ ಬರೆದಿಡಿ. ಜ್ವರದ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಇನ್ನು ಕಪಾಟಿನ ಬಾಗಿಲಿನ ಒಳಗೆ ಒಂದು ಕಾಗದ ಅಂಟಿಸಿ. ಕ್ಲಾಸ್ ಟೀಚರ್ ನಂಬರ್, ಹತ್ತಿರದ ಆಸ್ಪತ್ರೆ, ಆಂಬುಲೆನ್ಸ್ 108, ಆರೋಗ್ಯ ಸಹಾಯವಾಣಿ 104, ಅತ್ತೆಯ ಮಾತ್ರೆಗಳ ಹೆಸರು, ಮಕ್ಕಳ ತೂಕ, ಪಕ್ಕದ ಮನೆಯವರ ನಂಬರ್. ಎಲ್ಲ ಮೊಬೈಲಿನಲ್ಲಿದೆ ಅನ್ನಬೇಡಿ. ನೀವು ಬ್ಯಾಂಕಿನಲ್ಲಿದ್ದಾಗ ಮೊಬೈಲೂ ನಿಮ್ಮ ಜೊತೆ ಬ್ಯಾಂಕಿನಲ್ಲೇ ಇರುತ್ತದೆ.

ಶಿರಸಿ ಕಡೆಯ ಹಳ್ಳಿ. ಇಬ್ಬರೇ ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆ. ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ. ಮೇಲಿಂದ ‘ಆನ್‌ಲೈನ್ ತಯಾರಿ ಇಟ್ಟುಕೊಳ್ಳಿ’ ಅಂತಾರೆ. ಯಾವ ತಯಾರಿ ಇಟ್ಟುಕೊಳ್ಳಲಿ ಹೇಳಿ.
– ಮುಖ್ಯ ಶಿಕ್ಷಕರು

ಮಾಸ್ತರೇ, ನಿಮ್ಮ ಸಿಟ್ಟು ಅರ್ಥವಾಯಿತು. 2020ರಲ್ಲಿ ಘಟ್ಟದ ಮೇಲಿನ ಎಷ್ಟೋ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ನೋಡಿದವರೇ ನಾವೆಲ್ಲ. ಆ ಮಾರ್ಚಿಯಲ್ಲಿ ‘ಒಂದು ವಾರ’ ಅಂತ ಶುರುವಾದ ಬಂದ್, ಒಂದರಿಂದ ಐದನೇ ತರಗತಿಯವರು ಮತ್ತೆ ಬೆಂಚಿನ ಮೇಲೆ ಕೂರುವಾಗ 2021ರ ಅಕ್ಟೋಬರ್ 25 ಆಗಿತ್ತು. ಒಂದನೇ ಕ್ಲಾಸಿಗೆ ಹೆಸರು ಹಚ್ಚಿದ ಮಗು ಅಕ್ಷರ ಕಲಿಯದೆ ಎರಡಕ್ಕೆ ಬಂತು. ಅದಕ್ಕೇ ಸರ್ಕಾರ 2022-23ನ್ನು ಕಲಿಕಾ ಚೇತರಿಕೆ ವರ್ಷ ಅಂತ ಮಾಡಬೇಕಾಯಿತು.

ನಡುವೆ, 2020ರ ಆಗಸ್ಟಿನಲ್ಲಿ ವಿದ್ಯಾಗಮ ಬಂತು, ಶಾಲೆಯ ಹೊರಗೇ ಪಾಠ. ದೇವಸ್ಥಾನದ ಜಗುಲಿ, ಮರದ ನೆರಳು, ಯಾರದೋ ಅಂಗಳ. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ನಿಂತಿತು, ಜನವರಿಯಲ್ಲಿ ಮತ್ತೆ ಶುರುವಾಯಿತು. ತಪ್ಪುಗಳಿದ್ದವು, ಆದರೆ ಮೊಬೈಲ್ ಇಲ್ಲದ ಮಗುವಿನ ಹತ್ತಿರ ಶಿಕ್ಷಕರೇ ಹೋದ ಯೋಜನೆ ಅದು. ನಿಮ್ಮಂಥ ಸಣ್ಣ ಶಾಲೆಗೆ ಆ ದಾರಿಯೇ ಸರಿ ಅನ್ನುವುದು ನಮ್ಮ ಅಭಿಪ್ರಾಯ. ಹಾಗಾಗಿ ತಯಾರಿ ಅಂದರೆ ಕಾಗದ. ಪ್ರತಿ ತರಗತಿಗೂ ಎರಡು ವಾರಕ್ಕಾಗುವಷ್ಟು ಅಭ್ಯಾಸದ ಹಾಳೆ ಜೆರಾಕ್ಸ್ ಮಾಡಿಸಿ ಒಂದು ಚೀಲದಲ್ಲಿ ಕಟ್ಟಿಡಿ, ಮಳೆಗಾಲವಾದರೆ ಪ್ಲಾಸ್ಟಿಕ್ ಸುತ್ತಿ. ಶಾಲೆಯ ಕಪಾಟಿನಲ್ಲಿ ಬೀಗ ಹಾಕಿರುವ ಕಥೆ ಪುಸ್ತಕಗಳಿದ್ದಾವಲ್ಲ, ಬಂದ್ ಆಗುವ ಸೂಚನೆ ಸಿಕ್ಕ ದಿನವೇ ಮಗುವಿಗೆ ಎರಡರಂತೆ ಕೊಟ್ಟು ಕಳಿಸಿ. ಹರಿದರೆ ಹರಿಯಲಿ. ಓದದೆ ಗೆದ್ದಲು ತಿಂದದ್ದಕ್ಕಿಂತ ಮಕ್ಕಳ ಕೈಯಲ್ಲಿ ಹರಿದದ್ದು ಮೇಲು.

ಪ್ರತಿ ಮಗುವಿನ ಹೆಸರಿನ ಮುಂದೆ ಹೀಗೆ ಬರೆದಿಟ್ಟುಕೊಳ್ಳಿ: ಮನೆಯಲ್ಲಿ ಯಾವ ಫೋನ್ ಇದೆ, ಅದು ಹಗಲು ಮನೆಯಲ್ಲಿರುತ್ತದಾ ಇಲ್ಲ ಅಪ್ಪನ ಜೊತೆ ತೋಟಕ್ಕೆ ಹೋಗುತ್ತದಾ, ಓದಲು ಬರುವ ದೊಡ್ಡವರು ಯಾರಿದ್ದಾರೆ, ಮಧ್ಯಾಹ್ನ ಊಟ ಏನು. ಕೊನೆಯದ್ದು ಮರೆಯಬೇಡಿ. ಕೆಲವು ಮಕ್ಕಳಿಗೆ ಬಿಸಿಯೂಟವೇ ದಿನದ ದೊಡ್ಡ ಊಟ. ಕೋವಿಡ್ ವೇಳೆ ಅಕ್ಕಿ-ಬೇಳೆಯನ್ನು ಮನೆಗೆ ಕೊಟ್ಟಿದ್ದರು. ಆದರೆ ಆದೇಶ ಬಂದು, ದಾಸ್ತಾನು ಬಂದು, ಹಂಚುವ ತನಕ ದಿನ ಹೋಗುತ್ತದೆ. ಆ ನಡುವಿನ ದಿನಗಳಿಗೆ ಶಾಲಾಭಿವೃದ್ಧಿ ಸಮಿತಿಯವರ (ಎಸ್‌ಡಿಎಂಸಿ) ಹತ್ತಿರ ಈಗಲೇ ಮಾತಾಡಿ. ಊರಿನಲ್ಲಿ ನಾಲ್ಕು ಮನೆ ಮುಂದೆ ಬಂದರೆ ಸಾಕು.

ಪಾಲಕರಿಗೆ ಕಳಿಸುವ ಸಂದೇಶವನ್ನೂ ಮೊದಲೇ ಬರೆದಿಡಿ. ಹೀಗಿದ್ದರೆ ಸಾಕು: ‘ಜಿಲ್ಲಾಡಳಿತದ ಆದೇಶದಂತೆ ಇಂಥ ದಿನದಿಂದ ಇಂಥ ದಿನದವರೆಗೆ ಶಾಲೆ ಇಲ್ಲ. ಮಗುವಿಗೆ ಜ್ವರ ಇದ್ದರೆ ನಮಗೂ ಆಶಾ ಕಾರ್ಯಕರ್ತೆಗೂ ತಿಳಿಸಿ. ಹಾಳೆಗಳನ್ನು ಸೋಮವಾರ ಹಾಲಿನ ಡೇರಿ ಹತ್ತಿರ ಕೊಡುತ್ತೇವೆ.’ ಅಷ್ಟೇ. ‘ಪಾಲಕರು ಆತಂಕಪಡುವ ಅಗತ್ಯವಿಲ್ಲ’ ಅಂತ ಸೇರಿಸಬೇಡಿ, ಅದನ್ನು ಓದಿದ ಮೇಲೇ ಆತಂಕ ಶುರುವಾಗುವುದು!

ಇನ್ನೊಂದು ವಿಷಯ. ಒಂದೇ ತರಗತಿಯಲ್ಲಿ ಒಟ್ಟಿಗೆ ಮೂರ್ನಾಲ್ಕು ಮಕ್ಕಳಿಗೆ ಒಂದೇ ಥರದ ಜ್ವರವೋ ವಾಂತಿಭೇದಿಯೋ ಕಂಡರೆ, ಶಾಲೆ ಮುಚ್ಚುವುದಾ ಬೇಡವಾ ಅಂತ ನೀವೇ ತಲೆಕೆಡಿಸಿಕೊಳ್ಳಬೇಡಿ. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಬಿಇಓ ಕಚೇರಿಗೂ ತಿಳಿಸಿ. ಜೊತೆಗೆ ಶಾಲೆಯ ಬಾವಿ ಮತ್ತು ನೀರಿನ ಟ್ಯಾಂಕ್ ನೋಡಿ. ಎಷ್ಟೋ ಸಲ ಕಾಯಿಲೆ ಅಲ್ಲಿಂದಲೇ ಬಂದಿರುತ್ತದೆ. ಆಗ ಬೇಕಾದದ್ದು ಬ್ಲೀಚಿಂಗ್ ಪೌಡರ್ ಮತ್ತು ಕುದಿಸಿದ ನೀರು.

ಸಿದ್ದಾಪುರ ತಾಲ್ಲೂಕು. ಹಿಂದೆ ಪಕ್ಕದ ಊರಲ್ಲಿ ಮಂಗನ ಕಾಯಿಲೆ ಬಂದಿತ್ತು. ಚಳಿಗಾಲ ಬಂದರೆ ಮತ್ತೆ ಭಯ. ಮೊಮ್ಮಗನನ್ನು ಶಾಲೆಗೆ ಕಳಿಸುವುದು ಬೇಡ ಅಂತ ನಾನು, ಕಳಿಸಬೇಕು ಅಂತ ಸೊಸೆ.
– ಒಬ್ಬ ಅಜ್ಜಿ

ಅಜ್ಜೀ, ಈ ಸಲ ಸೊಸೆ ಹೇಳಿದ್ದೇ ಸರಿ. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬೆಂಚಿನಲ್ಲಿ ಪಕ್ಕ ಕೂತ ಹುಡುಗನಿಂದ ಬರುವುದಿಲ್ಲ, ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗೊತ್ತಾಗಿದ್ದರಿಂದ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೂ ಹೆಸರಿದೆ. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಅಡಿಕೆ ಕೊಯ್ಲು, ದರಕು (ಉದುರಿದ ಒಣ ಎಲೆ) ಗುಡಿಸುವುದು, ಸೌದೆ ತರುವುದು, ಎಲ್ಲ ಕಾಡಿನ ಅಂಚಿನ ಕೆಲಸವೂ ಅದೇ ಹೊತ್ತಿಗೆ.

ಅಂದರೆ ಮಾಣಿಗೆ ಶಾಲೆಯಲ್ಲಿರುವುದಕ್ಕಿಂತ ರಜೆಯಲ್ಲಿ ಬೆಟ್ಟ ಸುತ್ತುವುದೇ ಅಪಾಯ. ಶಾಲೆ ತಪ್ಪಿಸಿ ದನ ಕಾಯಲು ಕಳಿಸಿದರೆ ಕಾಯಿಲೆಗೆ ಹತ್ತಿರ ಮಾಡಿದ ಹಾಗೆ. ಶಾಲೆಗೆ ಹೋಗುವ ದಾರಿ ಕಾಡಿನೊಳಗಿದ್ದರೆ ಉದ್ದ ತೋಳಿನ ಅಂಗಿ, ಪ್ಯಾಂಟ್ ಹಾಕಿಸಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಹೇಳಿದ ಹಾಗೆ ಹಚ್ಚಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ಉಣುಗು ಇದೆಯಾ ನೋಡಿ. ಹಳೇ ಲಸಿಕೆಯನ್ನು ಈಗ ನಿಲ್ಲಿಸಿದ್ದಾರೆ, ಹಾಗಾಗಿ ಈ ಎಚ್ಚರವೇ ಮುಖ್ಯ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾಗೆ ಹೇಳಿ. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಅಂತ ಎರಡು ದಿನ ಕಳೆಯಬೇಡಿ. ಕಷಾಯ ಕುಡಿಸಿಕೊಂಡೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾನು ಮೀನು ಮಾರುವವಳು. ಮಗಳಿಗೆ ಕೆನ್ನೆ ಊದಿ ಮಂಗನಬಾವು ಆಗಿದೆ. ಶಾಲೆಯ ಅಕ್ಕೋರು ಕಳಿಸಬೇಡಿ ಅಂತಾರೆ, ಎಷ್ಟು ದಿನ ಅಂತ ಹೇಳಲಿಲ್ಲ. ಅವಳಿಗೆ ಹಾಜರಿ ಬಹುಮಾನ ತಪ್ಪುತ್ತದೆ ಅಂತ ಅಳು.
– ಅಂಕೋಲಾದಿಂದ, ಮಗಳ ಕೈಯಲ್ಲಿ ಬರೆಸಿದ್ದು

ಅಕ್ಕಾ, ಮಂಗನಬಾವು ಆದರೆ ಕೆನ್ನೆ ಊದಿದ ದಿನದಿಂದ ಐದು ದಿನ ಮನೆಯಲ್ಲಿರಲಿ. ಆಮೇಲೆ ಹುಷಾರಾಗಿದ್ದರೆ ಕಳಿಸಬಹುದು. ಬೇರೆಯವರಿಗೂ ಉಪಯೋಗವಾಗಲಿ ಅಂತ ಇಲ್ಲೇ ಹೇಳುತ್ತೇವೆ: ಚಿಕನ್‌ಪಾಕ್ಸ್ ಆದರೆ ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವ ತನಕ ಕಳಿಸಬಾರದು. ಫ್ಲೂ ಥರದ ಜ್ವರಕ್ಕೆ, ಮಾತ್ರೆ ಇಲ್ಲದೇ ಜ್ವರ ಬಿಟ್ಟು 24 ಗಂಟೆ ಕಳೆಯಬೇಕು. ನೀರಿನಿಂದ ಬರುವ ಕಾಮಾಲೆಗೆ, ಕಣ್ಣು ಹಳದಿಯಾದ ಮೇಲೆ ಕಡಿಮೆ ಅಂದರೂ ಒಂದು ವಾರ. ಬೆಳಿಗ್ಗೆ ಪ್ಯಾರಸಿಟಮಾಲ್ ಕುಡಿಸಿ ಶಾಲೆಗೆ ಕಳಿಸುವುದು ಮಾತ್ರ ಬೇಡ, ಹನ್ನೊಂದು ಗಂಟೆಗೆ ಜ್ವರ ಮತ್ತೆ ಏರುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದವರಿಗೆಲ್ಲ ಹಂಚಿ ಆಗಿರುತ್ತದೆ.

ನೀವು ಹಾಗೆ ಮಾಡಿದ್ದೀರಿ ಅಂತಲ್ಲ. ದಿನದ ಬುಟ್ಟಿ ಮಾರದಿದ್ದರೆ ದಿನದ ದುಡ್ಡಿಲ್ಲ ಅನ್ನುವವರಿಗೆ ಐದು ದಿನ ಮನೆಯಲ್ಲಿ ಕೂರಿ ಅನ್ನುವುದು ಹೇಳಿದಷ್ಟು ಸುಲಭ ಅಲ್ಲ. ಮಾರ್ಕೆಟ್ಟಿನಲ್ಲಿ ಪಕ್ಕ ಕೂರುವವರು ನಿಮ್ಮ ಬುಟ್ಟಿಯನ್ನೂ ನೋಡಿಕೊಂಡರೆ ಬೆಳಿಗ್ಗೆಯ ಜೋರು ವ್ಯಾಪಾರ ಮುಗಿಸಿ ಬೇಗ ಮನೆಗೆ ಬರಬಹುದೇನೋ, ಕೇಳಿ ನೋಡಿ.

ಹಾಜರಿ ಬಹುಮಾನದ ಬಗ್ಗೆ ಶಾಲೆಗಳಿಗೆ ಒಂದು ಮಾತು: ದಯವಿಟ್ಟು ನಿಲ್ಲಿಸಿ. ಮಗು ಜ್ವರ ಮುಚ್ಚಿಟ್ಟುಕೊಂಡು ಬಂದರೆ ಅದಕ್ಕೆ ಕಪ್ಪು ಕೊಡುವ ಪದ್ಧತಿ ಅದು. ತರಗತಿಗೇ ಕಾಯಿಲೆ ಬಂದು ಕೊನೆಗೆ ಶಾಲೆ ಮುಚ್ಚುವ ತನಕ ಹೋಗುವುದು ಹೀಗೆಯೇ.

ವಾಟ್ಸ್ಆ್ಯಪಿನಲ್ಲಿ ಬರುವ ರಜೆ ಆದೇಶ ನಿಜವೋ ಸುಳ್ಳೋ ತಿಳಿಯುವುದು ಹೇಗೆ?
– ಹೊನ್ನಾವರ

ತಾರೀಕು ಮತ್ತು ತಾಲ್ಲೂಕಿನ ಹೆಸರು ನೋಡಿ. ಹೋದ ವರ್ಷದ ಆದೇಶದಲ್ಲಿ ತಾರೀಕು ಮಾತ್ರ ತಿದ್ದಿ ಬಿಡುವ ಜಾಣರಿದ್ದಾರೆ, ಮತ್ತೆ ನಿಮ್ಮ ಮನೆಯಲ್ಲೇ ಒಬ್ಬ ಇದ್ದರೂ ಇರಬಹುದು! ಜಿಲ್ಲಾಡಳಿತದ ಅಧಿಕೃತ ಪುಟದಲ್ಲಿ ಇದೆಯಾ ನೋಡಿ, ಇಲ್ಲ ಕ್ಲಾಸ್ ಟೀಚರಿಗೆ ಒಂದು ಫೋನ್ ಮಾಡಿ.

ಈ ವರ್ಷ ಎಸ್ಎಸ್ಎಲ್‌ಸಿ. ಮನೆಯಲ್ಲಿ ಒಂದೇ ಫೋನ್, ಅಣ್ಣನ ಕೈಯಲ್ಲೇ ಇರುತ್ತದೆ. ಶಾಲೆ ಮುಚ್ಚಿದರೆ ನನ್ನ ಪರೀಕ್ಷೆ ಏನಾಗುತ್ತದೆ ಅಂತ ರಾತ್ರಿ ನಿದ್ದೆ ಬರುವುದಿಲ್ಲ.
– ಕುಮಟಾದ ವಿದ್ಯಾರ್ಥಿನಿ

ತಂಗೀ, ನಿನ್ನ ಹಿಂದಿನವರ ಕಥೆ ಕೇಳು. 2020ರಲ್ಲಿ ಪರೀಕ್ಷೆ ನಡೆಯುತ್ತದೋ ಇಲ್ಲವೋ ಅಂತ ಮೂರು ತಿಂಗಳು ಕಾಯಿಸಿ, ಜೂನ್ 25ರಿಂದ ನಡೆಸಿದರು. 2021ರಲ್ಲಿ ಎರಡೇ ದಿನ, ಜುಲೈ 19 ಮತ್ತು 22, ಎಲ್ಲ ಆಯ್ಕೆ ಪ್ರಶ್ನೆಗಳು. ಎರಡೂ ಸಲ ‘ಪರೀಕ್ಷೆ ಇಲ್ಲ’ ಅಂತ ನಂಬಿ ಪುಸ್ತಕ ಮಡಚಿಟ್ಟವರೇ ಒದ್ದಾಡಿದ್ದು. ಪ್ರಶ್ನೆಯ ರೀತಿ ಬದಲಾದರೂ ಪಠ್ಯಪುಸ್ತಕ ಬದಲಾಗಲಿಲ್ಲ. ಅದನ್ನು ಸರಿಯಾಗಿ ಓದಿದವರಿಗೆ ಎರಡು ವರ್ಷವೂ ನಡೆಯಿತು.

ಫೋನಿನ ವಿಷಯದಲ್ಲಿ ಅಣ್ಣನ ಹತ್ತಿರ ಬೇಡಿಕೊಳ್ಳಬೇಡ. ಅಪ್ಪ-ಅಮ್ಮನ ಎದುರಿಗೆ ಕೂತು ಗಂಟೆ ಹಂಚಿಕೊಂಡು, ಗೋಡೆ ಕ್ಯಾಲೆಂಡರಿನ ಮೇಲೆ ಬರೆಸಿಬಿಡು. ಫೋನೇ ಸಿಗದ ದಿನಕ್ಕೆ ಗೆಳತಿಯೊಬ್ಬಳ ಜೊತೆ ಒಪ್ಪಂದ ಇರಲಿ: ಅವಳ ನೋಟ್ಸ್ ನಿನಗೆ, ನಿನ್ನದು ಅವಳಿಗೆ. ಬಂದ್ ಜಾಸ್ತಿ ದಿನ ಎಳೆದರೆ ಟಿವಿಯ ಚಂದನ ವಾಹಿನಿ ನೋಡುತ್ತಿರು. ಕೋವಿಡ್ ವೇಳೆ ಹೈಸ್ಕೂಲ್ ಪಾಠಗಳು ಅದರಲ್ಲೇ ಬಂದಿದ್ದವು. ನಿದ್ದೆ ಬಾರದ್ದು ಎರಡು ವಾರ ದಾಟಿದರೆ ಅಮ್ಮನಿಗೆ ಹೇಳು. ಅಮ್ಮನಿಗೆ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡು, ಅದು ಟೆಲಿ ಮಾನಸ್, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಈ ಭಾನುವಾರ ಎರಡು ಗಂಟೆ ಫೋನ್ ಕೇಳಿ ತೆಗೆದುಕೋ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಹತ್ತನೇ ತರಗತಿಯ ಎಲ್ಲ ಪುಸ್ತಕಗಳೂ ಪುಕ್ಕಟೆ ಸಿಗುತ್ತವೆ. ನಿನ್ನ ಹತ್ತಿರ ಇಲ್ಲದ್ದನ್ನು ಇಳಿಸಿಕೊಂಡು, ಅಣ್ಣ ಅಳಿಸದ ಹಾಗೆ ಮೆಮೊರಿ ಕಾರ್ಡಿಗೆ ಹಾಕಿಬಿಡು.