ಕಡಿಮೆ ಖರ್ಚಿನಲ್ಲಿ ನಗಿಸಿ, ಹೆದರಿಸಿದ ವ್ಯಾಂಪೈರ್ ಸಿನಿಮಾ ಯಾವುದು? ಅದನ್ನು ಹೇಗೆ ಮಾಡಿದರು?

ಮಂಜೇಶ್ವರದಲ್ಲಿ ಗೆಳೆಯರು ಸೇರಿ ಇಂಥದ್ದೊಂದು ಕಿರುಚಿತ್ರ ಮಾಡಬೇಕು ಅಂತಿದ್ದೀರಿ, ಒಳ್ಳೆಯ ಮಾದರಿ ಬೇಕು ಎಂದು ಕೇಳಿದ್ದೀರಿ. ನಾನೂ ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. ನಾನು ಹೇಳುವುದು ಒಂದೇ ಹೆಸರು: ನ್ಯೂಜಿಲ್ಯಾಂಡಿನ ‘ವಾಟ್ ವಿ ಡು ಇನ್ ದ ಶಾಡೋಸ್’, 2014ರದ್ದು. ಜೆಮೇನ್ ಕ್ಲೆಮೆಂಟ್ ಮತ್ತು ಟೈಕಾ ವೈಟಿಟಿ ಇಬ್ಬರೇ ಬರೆದು, ನಿರ್ದೇಶಿಸಿ, ನಟಿಸಿಯೂ ಇದ್ದಾರೆ.

ವೆಲ್ಲಿಂಗ್ಟನ್ನಿನ ಹಳೇ ಮನೆಯೊಂದರಲ್ಲಿ ನಾಲ್ಕು ವ್ಯಾಂಪೈರ್‌ಗಳು, ಅಂದರೆ ರಕ್ತ ಕುಡಿಯುವ ಪಿಶಾಚಿಗಳು, ಒಟ್ಟಿಗೆ ಇರುತ್ತಾರೆ. ಡಾಕ್ಯುಮೆಂಟರಿ ತಂಡವೊಂದು ಕ್ಯಾಮೆರಾ ಹಿಡಿದು ಅವರ ಹಿಂದೆ ತಿರುಗುತ್ತದೆ. ಒಬ್ಬ ಐದು ವರ್ಷದಿಂದ ಪಾತ್ರೆ ತೊಳೆದಿಲ್ಲ ಅಂತ ಜಗಳ. ಸೋಫಾಕ್ಕೆ ರಕ್ತ ತಾಗಬಾರದು ಅಂತ ಇನ್ನೊಬ್ಬ ಪೇಪರ್ ಹಾಸುತ್ತಾನೆ. ಒಳಗೆ ಬನ್ನಿ ಅಂತ ಕರೆಯದೆ ವ್ಯಾಂಪೈರ್ ಎಲ್ಲಿಗೂ ಕಾಲಿಡುವ ಹಾಗಿಲ್ಲ ಅಲ್ವಾ, ಅದಕ್ಕೇ ನೈಟ್‌ಕ್ಲಬ್ಬಿನ ಬಾಗಿಲಲ್ಲಿ ‘ಒಮ್ಮೆ ಕರೆಯಿರಿ’ ಅಂತ ನಿಲ್ಲುತ್ತಾರೆ. ಕನ್ನಡಿಯಲ್ಲಿ ಮುಖ ಕಾಣುವುದಿಲ್ಲ. ಹೊರಡುವ ಮೊದಲು ಒಬ್ಬರ ಚಿತ್ರ ಇನ್ನೊಬ್ಬರು ಬರೆದು ತೋರಿಸುತ್ತಾರೆ.

ಇಲ್ಲಿ ಯಾರೂ ಜೋಕ್ ಹೇಳುವುದಿಲ್ಲ ನೋಡಿ. ಹಳೇ ಕತೆಗಳ ನಿಯಮವನ್ನು ಪೂರ್ತಿ ನಂಬಿ, ಅದರ ಜೊತೆ ದಿನಾ ಬದುಕುವುದು ಎಷ್ಟು ಕಷ್ಟ ಅಂತ ತೋರಿಸಿದ್ದಾರೆ, ಅಷ್ಟೇ. ನಮ್ಮ ತೆಂಕುತಿಟ್ಟು ಯಕ್ಷಗಾನದಲ್ಲಿ ರಾಕ್ಷಸನಿಗೆ ಹಾಕುವ ಬಣ್ಣದ ವೇಷ ನೆನಪಿಸಿಕೊಳ್ಳಿ. ರಾಕ್ಷಸ ಹಲ್ಲುಜ್ಜುತ್ತಾನೆ, ಸ್ನಾನ ಮಾಡುತ್ತಾನೆ, ಕನ್ನಡಿ ನೋಡಿ ತಲೆ ಬಾಚುತ್ತಾನೆ. ಸಭೆ ನಗುತ್ತದೆ. ಆದರೆ ವೇಷಧಾರಿ ನಗುವುದಿಲ್ಲ. ಹಾಗಾಗಿಯೇ ಅದೇ ರಾಕ್ಷಸ ಆಮೇಲೆ ಅಬ್ಬರಿಸಿದಾಗ ಮಕ್ಕಳು ಹೆದರುತ್ತಾರೆ. ಈ ಸಿನಿಮಾದಲ್ಲೂ ಎಂಟು ಸಾವಿರ ವರ್ಷದ ಪೀಟರ್ ಎಂಬ ಮುದುಕ ಇದ್ದಾನೆ. ಬೋಳು ತಲೆ, ಚೂಪು ಹಲ್ಲು. ಅವನಿಂದ ಒಂದೇ ಒಂದು ತಮಾಷೆಯ ಮಾತೂ ಆಡಿಸಿಲ್ಲ. ನನಗೆ ತುಂಬ ಇಷ್ಟವಾದ ತೀರ್ಮಾನ ಅದು.

ಮಾಡಿದ ರೀತಿಯೂ ಇದಕ್ಕೆ ತಕ್ಕ ಹಾಗೇ ಇದೆ. 2005ರಲ್ಲೇ ಕ್ಲೆಮೆಂಟ್, ವೈಟಿಟಿ ಇಬ್ಬರೂ ಇದನ್ನು ಕಿರುಚಿತ್ರವಾಗಿ ಮಾಡಿದ್ದರು. ದೊಡ್ಡ ಚಿತ್ರಕ್ಕೆ ಸುಮಾರು 150 ಪುಟ ಸ್ಕ್ರಿಪ್ಟ್ ಬರೆದರು, ಆದರೆ ನಟರಿಗೆ ತೋರಿಸಲಿಲ್ಲ. ಸನ್ನಿವೇಶ ಹೇಳಿ, ಮಾತು ನೀವೇ ಆಡಿ ಅಂದರು. ವ್ಯಾಂಪೈರ್‌ಗಳ ನಡುವೆ ಬರುವ ಮನುಷ್ಯ ಸ್ಟೂ, ಆ ಪಾತ್ರ ಮಾಡಿದವರು ವೃತ್ತಿನಟರಲ್ಲ, ಇವರ ಗೆಳೆಯ. ಸಣ್ಣ ಪಾತ್ರ ಅಂತಷ್ಟೇ ಅವರಿಗೆ ಹೇಳಿದ್ದರು. ಆ ಮುಖದ ಸಹಜ ಸಂಕೋಚ ನಟನೆಯಿಂದ ಬರುವಂಥದ್ದಲ್ಲ. ಕೊನೆಗೆ ಸುಮಾರು 125 ಗಂಟೆಯ ಶೂಟಿಂಗ್ ಕೈಯಲ್ಲಿತ್ತು. ಒಂದೂವರೆ ಗಂಟೆಗೂ ಕಡಿಮೆಯ ಸಿನಿಮಾ ಅದರಿಂದ ಹೊರಬರಬೇಕಾದರೆ ಎಡಿಟಿಂಗಿಗೇ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಮಾತು ನಟರಿಗೆ ಬಿಟ್ಟರೆ ಕೆಲಸ ಸುಲಭ ಅಂದುಕೊಳ್ಳಬೇಡಿ. ಕಷ್ಟವೆಲ್ಲ ಎಡಿಟಿಂಗ್ ಮೇಜಿಗೆ ಬರುತ್ತದೆ.

ಖರ್ಚು ಸುಮಾರು 16 ಲಕ್ಷ ಡಾಲರ್. ನಮಗೆ ದೊಡ್ಡ ದುಡ್ಡು, ಅಲ್ಲಿನ ಲೆಕ್ಕದಲ್ಲಿ ಸಣ್ಣದು. 2014ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ. ಅದೇ ವರ್ಷ ಟೊರೊಂಟೊ ಚಿತ್ರೋತ್ಸವದಲ್ಲಿ ಮಧ್ಯರಾತ್ರಿ ವಿಭಾಗದ ಪ್ರೇಕ್ಷಕರ ಪ್ರಶಸ್ತಿ ಬಂತು. ಆದರೂ ಅಮೆರಿಕದ ಥಿಯೇಟರುಗಳಿಗೆ ಹೋಗಲು ಕಿಕ್‌ಸ್ಟಾರ್ಟರ್ ಎಂಬ ಚಂದಾ ಎತ್ತುವ ವೆಬ್‌ಸೈಟಿನಲ್ಲಿ ಜನರ ಹತ್ತಿರವೇ ಹಣ ಕೇಳಬೇಕಾಯಿತು. ನಾಲ್ಕು ಲಕ್ಷ ಡಾಲರ್‌ಗೂ ಜಾಸ್ತಿ ಸೇರಿತು. 2019ರಲ್ಲಿ ಅದೇ ಹೆಸರಿನ ಟಿವಿ ಸರಣಿ ಶುರುವಾಗಿ 2024ರವರೆಗೆ ಆರು ಸೀಸನ್ ಓಡಿತು.

ನಿಮ್ಮ ಚಿತ್ರಕ್ಕೆ ಬಂದರೆ, ಭೂತ ದೈವಗಳನ್ನು ದಯವಿಟ್ಟು ತಮಾಷೆಗೆ ತರಬೇಡಿ. ನಮ್ಮೂರಲ್ಲಿ ಅದು ಜನ ಕೈಮುಗಿಯುವ ನಂಬಿಕೆ. ವಿದೇಶದ ಕೋಟು ತೊಟ್ಟ ವ್ಯಾಂಪೈರ್ ಕೂಡ ಬೇಡ. ಕೇರಳದ ಕತೆಗಳ ಯಕ್ಷಿ ಇದ್ದಾಳಲ್ಲ, ಅವಳೂ ರಕ್ತ ಕುಡಿಯುವವಳೇ. ರಾತ್ರಿ ಒಂಟಿಯಾಗಿ ಹೋಗುವವರನ್ನು ನಿಲ್ಲಿಸಿ ವೀಳ್ಯಕ್ಕೆ ಸುಣ್ಣ ಕೇಳುತ್ತಾಳೆ. ಈಗ ಬೈಕಿನಲ್ಲಿ ಹೋಗುವ ಹುಡುಗರ ಹತ್ತಿರ ಸುಣ್ಣ ಎಲ್ಲಿರುತ್ತದೆ? ಅಲ್ಲಿಂದ ಬರೆಯಲು ಶುರು ಮಾಡಿ ನೋಡಿ.